ರೇಂಜ್ ಬಂಡೆಯ ಹುಡುಗಿ

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಟಿ.ವಿ.ಯವರು ಒಂದು ವಾರ ಅದನ್ನು ಅರೆದು ಅರೆದು ಚಟ್ನಿ ಮಾಡಿದ್ದಾರೆ. 'ಆನೆ ದಾಳಿಗೆ ಯುವನಟಿ ಬಲಿ' ಎಂದು ಕೆಳಗೆ ಕೆಂಪು ಪಟ್ಟಿ ಓಡುತ್ತಿತ್ತು. ಮೇಲೆ ಯಾವುದೋ ಫ್ಯಾಷನ್ ಶೋದಲ್ಲಿ ಅವಳು ನಡೆದು ಬರುವ ಚಿತ್ರ. ನಡೆದು ಬರುತ್ತಾಳೆ, ಸೊಂಟಕ್ಕೆ ಕೈಯಿಟ್ಟು ತಿರುಗುತ್ತಾಳೆ, ಮತ್ತೆ ಮೊದಲಿಂದ ನಡೆದು ಬರುತ್ತಾಳೆ. ನೋಡಲಾಗದೆ ನನ್ನ ಹೆಂಡತಿ ಎದ್ದು ಟಿ.ವಿ. ಆರಿಸಿದಳು. ಮಾರನೆಯ ದಿನ ಮೈಕು ಹಿಡಿದ ವರದಿಗಾರನೊಬ್ಬ ನಮ್ಮ ಕಣಕ್ಕೇ ಬಂದ. "ಸಾರ್, ಆಕೆಗೆ ಮನೇಲಿ ಸಪೋರ್ಟ್ ಇತ್ತಾ?" ಎಂದು ಕೇಳಿದ. ನಾನು ಒಣಗಲು ಹರವಿದ್ದ ಕಾಫಿಯ ಮೇಲೆಯೇ ಬೂಟು ಮೆಟ್ಟಿ ನಿಂತಿದ್ದ. ಮೊದಲು ಕಾಫಿ ಮೇಲಿಂದ ಇಳಿ ಮಾರಾಯ ಅಂದೆ. ಅವನು ಇಳಿದ. ಅವನ ಬೂಟಿನ ಗುರುತಿನ ಮೇಲೆ ನಾನು ಕಾಫಿ ಎಳೆದು ಹರವಿದೆ. ಇತ್ತು ಅಂದರೆ ಸುಳ್ಳು, ಇರಲಿಲ್ಲ ಅಂದರೆ ಇನ್ನೂ ದೊಡ್ಡ ಸುಳ್ಳು.

ಅವಳು ನಮ್ಮ ಪಕ್ಕದ ಮನೆಯ ಹುಡುಗಿ. ಪಕ್ಕ ಅಂದರೆ ನಮ್ಮ ಕಡೆಯ ಪಕ್ಕ, ಎರಡು ಮನೆಗಳ ನಡುವೆ ಒಂದು ದಿಬ್ಬವೂ ಅದರ ತುಂಬ ನನ್ನ ಕಾಫಿ ಗಿಡಗಳೂ ಇವೆ. ಅವಳ ಅಪ್ಪ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ತಿಂಡಿ ಹೋಟೆಲು ಇಟ್ಟಿದ್ದವರು. ಗಣಿ ನಿಂತು ಅಲ್ಲಿಯ ಜನ ಗಂಟುಮೂಟೆ ಕಟ್ಟಿದ ಮೇಲೆ ಇವರೂ ಹೆಂಡತಿ ಮತ್ತು ಪುಟ್ಟ ಮಗಳನ್ನು ಕರೆದುಕೊಂಡು ನಮ್ಮ ಕಡೆಗೆ ಬಂದರು. ತುಂಡು ತೋಟ ಕೊಂಡು, ಕಳಸದ ರಸ್ತೆಯ ಕ್ರಾಸಿನಲ್ಲಿ ಮತ್ತೆ ಹೋಟೆಲು ತೆರೆದರು. ಬೆಳಗಿನಿಂದ ಸಂಜೆಯವರೆಗೆ ಅವರು ಅಲ್ಲಿ, ಮನೆಯಲ್ಲಿ ತಾಯಿ ಮಗಳು. ತಾಯಿ ನನ್ನನ್ನು ಅಣ್ಣ ಅನ್ನುತ್ತಾಳೆ. ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯದ ಹೆಂಗಸು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಶಿವದಾರವನ್ನು ಅಂಗಡಿಯಿಂದ ತಂದವಳಲ್ಲ. ಗಂಡನಿಗೂ ಮಗಳಿಗೂ ತಾನೇ ಹತ್ತಿಯ ಎಳೆ ಹೊಸೆದು ಕೊಡುತ್ತಾಳೆ. ಮಾತು ಕಮ್ಮಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದನ್ನು ನಾನು ನೋಡಿಲ್ಲ.

ನಮ್ಮ ಮೂಲೆಗೆ ಮೊಬೈಲ್ ರೇಂಜ್ ಇಲ್ಲ. ಗುಡ್ಡದ ತಲೆಯ ಮೇಲೆ ಒಂದು ದೊಡ್ಡ ಬಂಡೆ ಇದೆ, ಅದರ ನೆತ್ತಿಯಲ್ಲೊಂದು ಸೀಳು. ಫೋನನ್ನು ಆ ಸೀಳಿನಲ್ಲಿ ನಿಲ್ಲಿಸಿದರೆ ಮಾತ್ರ ರೇಂಜ್ ಸಿಗುತ್ತದೆ, ಕೈಗೆ ಎತ್ತಿಕೊಂಡರೆ ಹೋಯಿತು. ಸ್ಪೀಕರ್ ಹಾಕಿ, ಬಗ್ಗಿ ಕೂತು ಮಾತಾಡಬೇಕು. ಬಂಡೆಗೆ ಯಾರು ಹೊರಟರೂ ಅಕ್ಕಪಕ್ಕದ ಮನೆಯವರ ಫೋನುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುವುದು, ಒಂದೊಂದನ್ನೇ ಸೀಳಿನಲ್ಲಿಟ್ಟು ಬಂದ ಸುದ್ದಿಯನ್ನು ಕೆಳಗೆ ತಂದು ಹೇಳುವುದು ನಮ್ಮಲ್ಲಿ ರೂಢಿ. ಇಳಿಯುವ ಮುಂಚೆ ಮೇಲಿನಿಂದ ಒಂದು ಕೂ ಹಾಕಬೇಕು. ಮನೆಯವರು ಕೆಳಗಿನಿಂದ ಕೂ ಹಾಕಬೇಕು. ಮೇಲಿನ ಕೂ ಎಂದರೆ ಬರಲಾ ಎಂದು, ಕೆಳಗಿನ ಕೂ ಎಂದರೆ ಬಾ ಎಂದು. ಮಾತು ದಿಬ್ಬ ದಾಟುವುದಿಲ್ಲ, ಕೂ ದಾಟುತ್ತದೆ. ಇದು ಫೋನಿಗಿಂತ ಬಹಳ ಹಳೆಯದು, ನಮ್ಮಜ್ಜ ದನ ಕಾಯುವಾಗಲೂ ಇತ್ತಂತೆ.

ಈಚೆಗೆ ಆನೆ ಬಂದ ಮೇಲೆ ಇನ್ನೊಂದು ನಿಯಮ ಸೇರಿಕೊಂಡಿತು. ಆನೆಯ ಸುಳಿವು ಇದ್ದರೆ ಬಂಡೆಯ ಮೇಲೆ ಇದ್ದವರು ಅಲ್ಲೇ ಇರಬೇಕು. ಆನೆಗೆ ಆ ಬಂಡೆ ಹತ್ತಲಾಗುವುದಿಲ್ಲ. ಕೆಳಗಿನಿಂದ ಯಾರಾದರೂ ಪಟಾಕಿ ಹೊಡೆಯುತ್ತ ಹೋಗಿ ಕರೆತರಬೇಕು. ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ 'ಇಂಥವರ ತೋಟದಲ್ಲಿ ಸಲಗ ಇದೆ' ಎಂದು ಸುದ್ದಿ ಬರುತ್ತದೆ. ಒಳ್ಳೆಯದೇ. ಆದರೆ ಆ ಸುದ್ದಿ ಓದಲು ನಾವು ಅದೇ ಸಲಗ ತಿರುಗುವ ತೋಟವನ್ನು ಹಾದು ಬಂಡೆ ಹತ್ತಬೇಕು.

ಶಾಲೆಗೆ ಹೋಗುವಾಗ ಬಂಡೆಯ ಕೆಲಸ ಹೆಚ್ಚಾಗಿ ಅವಳದೇ ಆಗಿತ್ತು. ಉಳಿದವರು ಸುದ್ದಿ ಹೇಳುತ್ತಿದ್ದರು, ಇವಳು ಸುದ್ದಿ ಹೇಳಿದವರನ್ನೇ ಕರೆದುಕೊಂಡು ಬರುತ್ತಿದ್ದಳು. ನಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ದುಪಟ್ಟಾವನ್ನು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಶುರುವಾಯಿತು ಎಂದು ಅರ್ಥ. ವಸ್ತಾರೆಯಲ್ಲಿರುವ ನನ್ನ ಭಾವಮೈದ ಏನಾದರೂ ಕೇಳುವ ಮುಂಚೆ ಎರಡು ಸಲ ಕೆಮ್ಮುತ್ತಾನೆ. ಇವಳು ಬಂದು ಎರಡು ಸಲ ಕೆಮ್ಮುತ್ತಿದ್ದಳು. "ನಮ್ಮ ತಮ್ಮನ್ ಫೋನು" ಎಂದು ನನ್ನ ಹೆಂಡತಿ ಒಲೆಯ ಮುಂದೆಯೇ ಹೇಳುತ್ತಿದ್ದಳು, "ಜೀಪು ಬೇಕಂತಾ?" ಬ್ಯಾಂಕಿನ ಯಂತ್ರದ ಹೆಂಗಸು, ಮಲ್ಲಂದೂರಿನ ಬೀಗರ ಗೊಗ್ಗರು ದನಿ, ಎಲ್ಲವೂ ಆ ಸಣ್ಣ ಗಂಟಲಿನಲ್ಲಿ ಇದ್ದವು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳವನ್ನು ಕಿತ್ತು ಎಸೆಯುವಾಗಲೂ ಆ ದನಿ ಬಿಡುತ್ತಿರಲಿಲ್ಲ. ಒಂದು ಸಲ ಸಾವಿನ ಸುದ್ದಿ ತಂದಳು, ನನ್ನ ಅತ್ತಿಗೆಯದು. ಆ ದಿನ ದುಪಟ್ಟಾ ಸಿಕ್ಕಿಸಲಿಲ್ಲ. ತನ್ನದೇ ದನಿಯಲ್ಲಿ ಮೆಲ್ಲಗೆ ಹೇಳಿ, ನನ್ನ ಹೆಂಡತಿಯ ಕೈ ಹಿಡಿದುಕೊಂಡು ಕೂತಳು. ಈ ಹುಡುಗಿಗೆ ಎಲ್ಲಿ ನಟಿಸಬೇಕು, ಎಲ್ಲಿ ನಟಿಸಬಾರದು ಎನ್ನುವುದು ಗೊತ್ತು ಎಂದು ನನಗೆ ಅಂದೇ ಅನ್ನಿಸಿತು.

ಚಿಕ್ಕಮಗಳೂರಿನ ಕಾಲೇಜಿಗೆ ಹೋದಳು. ಅಲ್ಲಿ ಯಾರೋ ಫೋಟೋ ತೆಗೆದರು, ಅದನ್ನು ಇನ್ಯಾರೋ ನೋಡಿದರು. ಸೀರೆ ಅಂಗಡಿಗಳ ಜಾಹೀರಾತು, ಬೆಂಗಳೂರಿನ ಶೋಗಳು, ಒಂದು ಸೀರಿಯಲ್ಲಿನಲ್ಲಿ ನಾಯಕಿಯ ತಂಗಿ. ಅದರಲ್ಲಿ ಅವಳಿಗೆ ದಿನಾ ಅಳುವ ಕೆಲಸ. ನನ್ನ ಹೆಂಡತಿ ಅದನ್ನು ನೋಡಿ ತಾನೂ ಅತ್ತು, ಊರಿಗೆ ಬಂದಾಗ ಅವಳನ್ನು ಬೈಯುತ್ತಿದ್ದಳು: "ಅಷ್ಟ್ ಅಳ್ಬೇಡ ಮಾರಾಯ್ತಿ, ಕಣ್ಣು ಹಾಳಾಗುತ್ತೆ." ಆಮೇಲೆ ಒಂದು ಸಿನಿಮಾದಲ್ಲಿ ಎರಡನೇ ನಾಯಕಿಯಾದಳು. ಅಪ್ಪ ಹೋಟೆಲಿನ ಗಲ್ಲಾದ ಹಿಂದೆ ಅದರ ಪೋಸ್ಟರ್ ಅಂಟಿಸಿ ಅದರ ಕೆಳಗೆ ಕೂರುತ್ತಿದ್ದರು. ತಾಯಿಯೂ ಬೇಡ ಅಂದವಳಲ್ಲ. ಎಲ್ಲಾ ಕೆಟ್ಟದ್ದು ಆ ಕ್ಯಾಲೆಂಡರಿನಿಂದ.

ಒಡವೆ ಅಂಗಡಿಯೊಂದರ ಕ್ಯಾಲೆಂಡರ್ ಅದು. ಇವಳು ಕೂದಲನ್ನು ಎತ್ತಿ ದೊಡ್ಡ ಮುಡಿ ಕಟ್ಟಿ, ಮುಖವನ್ನು ಅರೆ ತಿರುಗಿಸಿ ಕೂತಿದ್ದಾಳೆ. ಕೊರಳಲ್ಲಿ ಹಸಿರು ಹರಳಿನ ಅಡ್ಡಿಕೆ. ಅದು ಬಿಟ್ಟರೆ ಕೊರಳು ಬರಿದು, ಶಿವದಾರ ಇಲ್ಲ. ಅವಳು ಅಪ್ಪನ ಕೈಯಲ್ಲಿ ನಮ್ಮ ಮನೆಗೊಂದು ಕಳಿಸಿ, ತನ್ನ ಮನೆಗೆ ತಾನೇ ಒಂದನ್ನು ಹಿಡಿದುಕೊಂಡು ಬಂದಳು. ಸುರುಳಿ ಬಿಚ್ಚುವಾಗ ನಾನು ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ತಾಯಿ ನೋಡಿದ್ದೇ ಮತ್ತೆ ಸುತ್ತಿಟ್ಟಳು.

"ಲಿಂಗ ತೆಗೆದಿಟ್ಟು ಚಿತ್ರ ತೆಗೆಸ್ಕಂಡ್ಯಾ. ಯಾರದೋ ಒಡವೆಗೆ."

"ತೆಗೆದಿಟ್ಟೆ ಅಂತ ನೀನೇ ಅಂದ್ಮೇಲೆ ಮುಗೀತಲ್ಲ ಅವ್ವ."

"ಮುಗೀತು," ಎಂದಳು ಆಕೆ. ಅಷ್ಟೇ ಜಗಳ. ದನಿ ಎತ್ತರಿಸಿದ್ದರೆ, ಪಾತ್ರೆ ಎಸೆದಿದ್ದರೆ ಸಂಜೆಯೊಳಗೆ ಸರಿಹೋಗುತ್ತಿತ್ತೋ ಏನೋ. ಅಂದಿನಿಂದ ತಾಯಿ ಮಗಳ ಹತ್ತಿರ ಮಾತು ಬಿಟ್ಟಳು. ಬಂದಾಗ ಮಾಡಿ ಬಡಿಸುತ್ತಿದ್ದಳು, ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದಳು. ಮಾತಿಲ್ಲ. ಮಗಳು ಬಂಡೆಯ ಮೇಲಿನಿಂದ ಕೂ ಹಾಕಿದರೆ ಕೆಳಗಿನಿಂದ ಕೂ ಇಲ್ಲ.

ಅದನ್ನು ಕೇಳುವುದು ನನಗೆ ಬಲು ಸಂಕಟವಾಗುತ್ತಿತ್ತು. ಅವಳ ಕೂ ಉದ್ದ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆದು ಬಿಡುತ್ತಿದ್ದಳು. ಅದು ಹೋಗಿ ಅವರ ಮನೆಯ ಹೆಂಚಿಗೆ ಬಡಿದು ಸುಮ್ಮನಾಗುತ್ತಿತ್ತು. ತಡೆಯಲಾಗದೆ ಕಣದಿಂದ ನಾನೇ ಕೂ ಹಾಕುತ್ತಿದ್ದೆ. ಅವಳು ಇಳಿದು ಬಂದು, "ನಿಮ್ದು ಕೂ ಅಲ್ಲ ದೊಡ್ಡಪ್ಪ, ಕೋಣ ಕೆಮ್ಮಿದಂಗಿದೆ. ಇಲ್ಲಿಂದ ಆಚೆ ಹೋಗಲ್ಲ ಅದು" ಎಂದು ನಗುತ್ತಿದ್ದಳು. ನಗುತ್ತಲೇ ಮನೆಯ ಕಡೆ ನೋಡುತ್ತಿದ್ದಳು.

"ಏನಾಯ್ತು ಅಂತ ಹೇಳಿಬಿಡು ಮಾರಾಯ್ತಿ," ಅಂದೆ ಒಮ್ಮೆ.

"ಕೇಳಿದ್ರೆ ಹೇಳ್ತೀನಿ ದೊಡ್ಡಪ್ಪ. ಬೈದೋರಿಗೆ ಯಾಕೆ ಹೇಳ್ಲಿ?"

"ನಿಮ್ಮವ್ವ ಇನ್ನು ಕೂ ಹಾಕಲ್ಲ ಬಿಡು."

"ಹಾಕ್ತಾಳೆ," ಅಂದಳು.

ಹೀಗೆ ಎರಡು ಕಾಫಿ ಹಣ್ಣಿನ ಕಾಲ ಕಳೆಯಿತು. ಆ ಡಿಸೆಂಬರಿನಲ್ಲಿ ಅವಳು ಮನೆಗೆ ಬಂದಾಗ ಎಲ್ಲರ ಎದೆಯಲ್ಲೂ ಕಲ್ಲು. ಒಂಟಿ ಸಲಗವೊಂದು ಎಲ್ಲಿಂದಲೋ ಬಂದು ನಮ್ಮ ತೋಟಗಳನ್ನೇ ಹಿಡಿದುಕೊಂಡಿತ್ತು. ಹಣ್ಣು ಕುಯ್ಯುವವರು ಬಿಸಿಲೇರದೆ ತೋಟಕ್ಕೆ ಇಳಿಯುತ್ತಿರಲಿಲ್ಲ, ಬಿಸಿಲು ಇಳಿಯುವ ಮುಂಚೆ ಹೊರಟುಬಿಡುತ್ತಿದ್ದರು. ಸಿಲ್ವರ್ ಮರದ ಒಂದು ಟೊಂಗೆ ಮುರಿದರೂ ಎಲ್ಲರೂ ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವಳಿಗೆ ಅದರ ಮೇಲೆ ಇನ್ನೊಂದು ತಳಮಳ. ದೊಡ್ಡ ಸಿನಿಮಾವೊಂದಕ್ಕೆ ನಾಯಕಿಯಾಗಿ ಇವಳನ್ನೂ ಇನ್ನೊಬ್ಬಳನ್ನೂ ಆರಿಸಿಟ್ಟಿದ್ದರು. ಇಬ್ಬರಲ್ಲಿ ಯಾರು ಎಂದು ನಿರ್ದೇಶಕರು ಫೋನ್ ಮಾಡಿ ಹೇಳುವುದಿತ್ತು. ಇವತ್ತು ಸಂಜೆ, ಎಂದು ಆ ದಿನ ಬೆಳಿಗ್ಗೆ ನನ್ನ ಹೆಂಡತಿಯ ಹತ್ತಿರ ಹೇಳಿ ಹೋದಳು. ತಾಯಿಗೆ ಹೇಳಿದ್ದೀಯಾ ಎಂದರೆ, "ಗೋಡೆಗೆ ಹೇಳಿದೀನಿ, ಅವ್ವ ಅಲ್ಲೇ ಇದ್ಲು" ಅಂದಳಂತೆ.

ಅದೇ ದಿನ ಮಧ್ಯಾಹ್ನ ಅವಳ ತಾಯಿ ಹೆಪ್ಪು ಕೇಳಿಕೊಂಡು ನಮ್ಮ ಮನೆಗೆ ಬಂದಳು. ಆ ಕ್ಯಾಲೆಂಡರ್ ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಇನ್ನೂ ಇತ್ತು. ವರ್ಷ ಕಳೆದರೂ ನನ್ನ ಹೆಂಡತಿ ತೆಗೆದಿರಲಿಲ್ಲ. ಆಕೆ ಬಂದಾಗಲೆಲ್ಲ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಅವತ್ತು ಕೂರಲಿಲ್ಲ. ಮಗಳು ಗೋಡೆಗೆ ಹೇಳಿದ ಮಾತು ತಲೆಯಲ್ಲಿ ಇತ್ತೋ ಏನೋ, ಹೊಸ ಕನ್ನಡಕ ಸರಿಮಾಡಿಕೊಂಡು ಕ್ಯಾಲೆಂಡರಿನ ಎದುರು ನಿಂತಳು. ತುಂಬ ಹೊತ್ತು ನೋಡಿ, ಮುಡಿಯ ಕೆಳಗೆ ಬೆರಳಿಟ್ಟಳು.

"ಅಣ್ಣ, ಇದೆಂತದು?"

ಮುಡಿಯ ಸಂದಿಯಲ್ಲಿ ಬಿಳಿಯ ದಾರದ ತುದಿಯೊಂದು ಕಾಣುತ್ತಿತ್ತು. "ಹೂವಿನ ದಾರ ಇರ್ಬೇಕು," ಅಂದೆ.

"ಹೂವೆಲ್ಲಿದೆ ಇದ್ರಲ್ಲಿ?"

ಹೂವು ಇರಲಿಲ್ಲ. ಆಕೆ ಗೋಡೆಗೆ ಇನ್ನಷ್ಟು ಹತ್ತಿರವಾಗಿ, ದಾರದ ತುದಿಯಲ್ಲಿದ್ದ ಗಂಟನ್ನು ನೋಡಿದಳು. "ಇದು ನಾನು ಹೊಸೆದಿದ್ದು," ಅಂದಳು. "ಈ ಗಂಟು ನಂದೇ. ಮುಡಿ ಒಳಗೆ ಕಟ್ಕಂಡಿದಾಳೆ ಲಿಂಗನ. ಮೈಮೇಲೇ ಇತ್ತು ಅಣ್ಣ, ಮೈಬಿಟ್ಟು ತೆಗ್ದಿಲ್ಲ." ಮನೆಮನೆಯ ಗೋಡೆಯಲ್ಲಿ ಎರಡು ವರ್ಷ ತೂಗಿದ ಚಿತ್ರ, ಒಬ್ಬರಿಗೂ ಅದು ಕಾಣಲಿಲ್ಲ. ಆಕೆ ಹೆಪ್ಪಿನ ಬಟ್ಟಲನ್ನು ಕಟ್ಟೆಯ ಮೇಲೆಯೇ ಬಿಟ್ಟು ಹೊರಟುಹೋದಳು.

ಬಿಸಿಲು ಕೆಂಪಾಗುವ ಹೊತ್ತಿಗೆ ಮಗಳು ಚೀಲ ಹಿಡಿದುಕೊಂಡು ನಮ್ಮ ಕಣಕ್ಕೆ ಬಂದಳು. "ಫೋನ್ ಕೊಡಿ ದೊಡ್ಡಪ್ಪ."

"ಇವತ್ತು ಬೇಡ ಕೂಸೇ. ಮೇಲಿನ ತೋಟದಲ್ಲಿ ಹಸಿ ಲದ್ದಿ ನೋಡಿದಾರೆ ಆಳುಗಳು."

"ಇವತ್ತೇ ಹೇಳೋದು ಅವ್ರು. ಎತ್ತಲಿಲ್ಲ ಅಂದ್ರೆ ಇನ್ನೊಬ್ಬಳಿಗೆ ಮಾಡ್ತಾರೆ. ಬಂಡೆ ಮೇಲೆ ಕೂತ್ಕಂಡ್ಮೇಲೆ ಎಂತ ಮಾಡುತ್ತೆ ಅದು?"

"ಸರಿ, ನಾನೂ ಬರ್ತೀನಿ." ಪಟಾಕಿ ಹೊಡೆಯುತ್ತ ಬಂಡೆಯ ಬುಡದವರೆಗೂ ಹೋಗಿ ಹತ್ತಿಸಿದೆ. "ಮುಗಿದ ಮೇಲೆ ಕೂ ಹಾಕು, ನಾನು ಬಂದು ಕರ್ಕಂಡು ಹೋಗ್ತೀನಿ. ಒಬ್ಳೇ ಇಳೀಬೇಡ," ಅಂದೆ. ತಲೆ ಆಡಿಸಿದಳು. ಅಡಿಗೆಮನೆಯಲ್ಲಿ ನಡೆದದ್ದು ನನ್ನ ಬಾಯಿಯ ತುದಿಗೆ ಬಂದಿತ್ತು. ತಾಯಿಯೇ ಹೇಳಲಿ ಎಂದು ನುಂಗಿಕೊಂಡು ಕಣಕ್ಕೆ ಮರಳಿದೆ.

ಇಬ್ಬನಿ ಬೀಳುವ ಮುಂಚೆ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆ. ಕಿವಿ ಮಾತ್ರ ಬಂಡೆಯ ಕಡೆಗೇ ಇತ್ತು. ಆಗ ಕೂ ಕೇಳಿತು. ಮೇಲಿನಿಂದ ಅಲ್ಲ, ದಿಬ್ಬದ ಆಚೆಯಿಂದ, ಅವರ ಮನೆಯಿಂದ. ಮಗಳು ಕೇಳುವ ಮೊದಲೇ ತಾಯಿ ಬಾ ಅಂದಿದ್ದಳು.

ನನಗೆ ಒಂದು ಕ್ಷಣ ಕಣ್ಣು ತುಂಬಿ ಬಂತು. ಮರುಕ್ಷಣ ಟಾರ್ಪಾಲು ಕೈಬಿಟ್ಟೆ. ಮೇಲಿನಿಂದ ಉತ್ತರ ಬಂದಿತ್ತು, ಎಂದಿಗಿಂತ ಉದ್ದವಾದ ಕೂ, ಕೊನೆಯಲ್ಲಿ ಎಳೆಯಲು ಹೋಗಿ ನಗುವಿಗೆ ತುಂಡಾಗಿದ್ದು. ಆ ನಗುವಿನಲ್ಲೇ ನನಗೆ ತಿಳಿಯಿತು, ಇವಳು ನನಗೆ ಕಾಯುವುದಿಲ್ಲ ಎಂದು. "ಇರು, ಅಲ್ಲೇ ಇರು" ಎಂದು ಕಿರುಚಿದೆ. ಮಾತು ದಿಬ್ಬದ ಅರ್ಧಕ್ಕೂ ಹೋಗಲಿಲ್ಲ. ಕೂ ಹಾಕೋಣವೆಂದರೆ, ಹಾಕಿದರೆ ಅದೂ ಬಾ ಎಂದೇ ಆಗುತ್ತದೆ. ಪಟಾಕಿಯ ಪೊಟ್ಟಣ ಹಿಡಿದು ಓಡಿದೆ. ಓಡುತ್ತ ಗೀರಿದ ಕಡ್ಡಿ ಗಾಳಿಗೆ ಆರಿತು. ಮೇಲಿನ ತಿರುವಿನಲ್ಲಿ ಮರ ಮುರಿದ ಸದ್ದು, ಆಮೇಲೆ ಏನೂ ಇಲ್ಲ.

ನಾನು ನೋಡಿದ್ದನ್ನು ಬರೆಯುವುದಿಲ್ಲ. ಅವಳ ಮುಖಕ್ಕೆ ಏನೂ ಆಗಿರಲಿಲ್ಲ, ಕೊರಳಲ್ಲಿ ಶಿವದಾರ ಇತ್ತು. ಇಷ್ಟು ಹೇಳಿದರೆ ಸಾಕು.

ಮಾರನೆಯ ದಿನ ಬಂಡೆ ಹತ್ತಿದವನು ನಾನೇ. ಚೀಲ ಅಲ್ಲೇ ಇತ್ತು. ಅವಳ ಫೋನು ಸೀಳಿನಲ್ಲಿ ನಿಂತಿತ್ತು. ಕರೆ ತಪ್ಪದಿರಲಿ ಎಂದು ಅದನ್ನು ಅಲ್ಲೇ ಬಿಟ್ಟು, ಅವ್ವನ ಮುಖ ನೋಡಿ ಓಡಿ ಬಂದರಾಯಿತು ಎಂದುಕೊಂಡು ಇಳಿದಿರಬೇಕು. ಅವಳು ಹೋದ ಮೇಲೆ ಅದಕ್ಕೆ ಸಲಗ ನನ್ನ ತೋಟದಲ್ಲಿದೆ ಎಂಬ ಸುದ್ದಿ ಬಂದಿತ್ತು, ನಿರ್ದೇಶಕರ ಕರೆಯೂ ಬಂದಿತ್ತು. ಪಾತ್ರ ಅವಳಿಗೇ ಆಗಿತ್ತು ಎಂದು ಆಮೇಲೆ ಅವರೇ ಅವಳ ಅಪ್ಪನ ಹತ್ತಿರ ಹೇಳಿ ಅತ್ತರು. ಇಡೀ ಬದುಕೇ ಕಾದು ಕೂತಿದ್ದ ಆ ಕರೆಯನ್ನು ಕಲ್ಲಿನ ಸಂದಿಯಲ್ಲಿಟ್ಟು ಇಳಿದಿದ್ದಳು.

ತಾಯಿಗೆ ಲದ್ದಿಯ ಸುದ್ದಿ ಗೊತ್ತಿರಲಿಲ್ಲ, ಮಗಳ ಉತ್ತರವೂ ಕೇಳಿಸಿರಲಿಲ್ಲ. ಕೂ ಹಾಕಿದವಳೇ ರೊಟ್ಟಿಯ ಹೆಂಚು ಇಡಲು ಒಳಗೆ ಹೋಗಿದ್ದಳಂತೆ. ಇದು ನನಗೆ ತಿಳಿದದ್ದು ಕಾಫಿ ಹೂವಾಗುವ ಕಾಲದಲ್ಲಿ, ಆಕೆ ಮತ್ತೆ ಹೆಪ್ಪಿಗೆಂದು ಬಂದ ಸಂಜೆ. ಮೊದಲ ಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು, ಸಲಗವನ್ನು ಇನ್ನೂ ಹಿಡಿದಿರಲಿಲ್ಲ. ಆಕೆ ಕಣದ ಅಂಚಿನಲ್ಲಿ ಕೂತು, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಅಣ್ಣ, ನಾನ್ ಹಾಕಿದ್ ಕೂ ಅವಳಿಗೆ ಕೇಳಿತ್ತಾ?"

ಈ ಪ್ರಶ್ನೆ ಬರುತ್ತದೆ ಎಂದು ಮೂರು ತಿಂಗಳಿಂದ ಹೆದರಿದ್ದೆ. ಕೇಳಿತ್ತು ಅಂದರೆ, ಕರೆದು ಕೊಂದವಳು ನಾನೇ ಎಂದುಕೊಳ್ಳುತ್ತಾಳೆ. ಇಲ್ಲ ಅಂದರೆ, ಅವ್ವ ಮಾತು ಬಿಟ್ಟಳೆಂಬ ಕೊರಗಿನಲ್ಲೇ ಮಗಳು ಹೋದಳು ಎಂದು ಉಳಿದ ಜನ್ಮವೆಲ್ಲ ಬೇಯುತ್ತಾಳೆ. ಯಾವುದು ಕಮ್ಮಿ ಸುಡುತ್ತದೆ ಎಂದು ಅಳೆಯಲು ನನ್ನಿಂದ ಆಗಲಿಲ್ಲ.

"ಕೇಳಿತ್ತು," ಅಂದೆ. "ಉತ್ತರ ಕೊಟ್ಲು."

ಆಕೆ ಅಳಲಿಲ್ಲ. "ಹೆಂಗ್ ಕೊಟ್ಲು?"

"ಹೆಂಗೆ ಅಂದ್ರೆ?"

"ನೀವು ಕೇಳಿದೀರಲ್ಲ. ಹಾಕಿ ತೋರ್ಸಿ."

ಇನ್ನೊಬ್ಬರ ದನಿಯನ್ನು ಹುಟ್ಟಿದ ಮೇಲೆ ನಾನು ಮಾಡಿದವನಲ್ಲ. ಅದು ಅವಳ ವಿದ್ಯೆ. ಎದ್ದು ನಿಂತು, ಬಾಯಿಗೆ ಕೈ ಹಿಡಿದು ಕೂ ಹಾಕಿದೆ. ಕೋಣದ ಕೆಮ್ಮೇ ಬಂತು.

"ಅಷ್ಟ್ ಗಿಡ್ಡ ಅಲ್ಲ ಅವಳ್ದು," ಅಂದಳು ಆಕೆ. "ಕೊನೇಲಿ ಎಳೀತಿದ್ಲು."

ಇನ್ನೊಮ್ಮೆ ಹಾಕಿದೆ. ಉಸಿರು ಕಟ್ಟುವವರೆಗೆ ಎಳೆದೆ, ಕೊನೆಯಲ್ಲಿ ದನಿ ಒಡೆಯಿತು. ಅವಳದು ನಗುವಿಗೆ ಒಡೆದಿತ್ತು, ನನ್ನದು ಅದಕ್ಕಲ್ಲ. ಆಕೆ ಕಣ್ಣು ಮುಚ್ಚಿ ಕೇಳಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಮೇಲಿನಿಂದ ಕೂ ಬಂತು. ಕೆಳಮನೆಯ ಸೊಸೆ ಫೋನು ಹಿಡಿದುಕೊಂಡು ಬಂಡೆಗೆ ಹೋಗಿದ್ದು ನನಗೆ ಮರೆತೇಹೋಗಿತ್ತು. ನನ್ನ ಕೂ ಕೇಳಿ, ಬಾ ಅನ್ನುತ್ತಿದ್ದಾರೆ ಎಂದುಕೊಂಡು, ಬಂದೆ ಎಂದು ಉತ್ತರ ಕೊಟ್ಟಿದ್ದಳು.

ಆಕೆ ತಟ್ಟನೆ ಎದ್ದಳು. ಬಟ್ಟಲು ಉರುಳಿಹೋಯಿತು. "ಬರೋದ್ ಬೇಡ ಅನ್ನಿ ಅಣ್ಣ. ಅಲ್ಲೇ ಇರು ಅನ್ನಿ."

ನಾನು ಬಾಯಿಗೆ ಕೈ ಎತ್ತಿದವನು ಹಾಗೇ ಇಳಿಸಿದೆ. ಬರಬೇಡ ಅನ್ನುವುದಕ್ಕೆ ನಮ್ಮಲ್ಲಿ ಕೂ ಇಲ್ಲ. ಅದು ಆಕೆಗೂ ಗೊತ್ತಿತ್ತು.

"ಹಂಗಾದ್ರೆ ಪಟಾಕಿ ತಗಳಿ, ನಡೀರಿ," ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ದಾರಿಗೆ ಆಕೆ ಡಿಸೆಂಬರಿನಿಂದ ಕಾಲಿಟ್ಟಿರಲಿಲ್ಲ. ನಾನು ಬೆಂಕಿಪೆಟ್ಟಿಗೆ ಹುಡುಕಿ ತರುವುದರೊಳಗೆ ಮೊದಲ ತಿರುವು ದಾಟಿದ್ದಳು. ಬಿಳಿ ಹೂವಿನ ಗಿಡಗಳ ನಡುವೆ ಆಕೆ ಮುಂದೆ, ಪಟಾಕಿ ಹೊಡೆಯುತ್ತ ನಾನು ಹಿಂದೆ, ಆ ಹುಡುಗಿಯನ್ನು ಕರೆದುಕೊಂಡು ಬರಲು ಹೋದೆವು.